ರೋಗಾಣುವಿನ ಮನೆತನ ವಿಚಾರಿಸುವ ಸೋದರತ್ತೆ

ನಮ್ಮ ಸೋದರತ್ತೆ ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗಿಯ ಮುಖಕ್ಕಿಂತ ಮೊದಲು ಬಚ್ಚಲುಮನೆಯ ಚಿಲಕ ನೋಡುತ್ತಾರೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನ್ನದೇನೂ ಬಲವಂತವಿಲ್ಲ. ಆದರೆ ಆ ಹುಡುಗಿಯನ್ನು ಕಟ್ಟಿಕೊಂಡವನು ನಾನು. ನನಗೆ ನಂಬದೆ ಬೇರೆ ದಾರಿಯಿಲ್ಲ!

ನಡೆದದ್ದು ಇಷ್ಟು. ಕನಕಪುರದ ಹತ್ತಿರದ ಒಂದು ಹಳ್ಳಿಗೆ ನಾವು ಹೋಗಿದ್ದೆವು. ಅಪ್ಪ, ಅಮ್ಮ, ಮರಳವಾಡಿಯ ಚಿಕ್ಕಪ್ಪ, ಅಪ್ಪನ ತಂಗಿಯಾದ ಈ ಅತ್ತೆ, ಮತ್ತು ಹೊಸ ಷರಟಿನೊಳಗೆ ಬೆವರುತ್ತಿದ್ದ ನಾನು. ಉಪ್ಪಿಟ್ಟು ಬರುವ ಮೊದಲು ಕೈ ತೊಳೆದು ಬರುತ್ತೇನೆಂದು ಎದ್ದ ಅತ್ತೆ ಎಷ್ಟು ಹೊತ್ತಾದರೂ ವಾಪಸು ಬರಲಿಲ್ಲ. ಹುಡುಗಿಯ ಅಜ್ಜಿ ಹಿಂದೆಯೇ ಹೋಗಿ ನೋಡಿದರೆ, ಇವರು ಗಾಜಿನ ಕೊಳವೆಯಿಂದ ಹತ್ತಿ ಸುತ್ತಿದ ಕಡ್ಡಿ ತೆಗೆದು ಬಚ್ಚಲುಮನೆಯ ಚಿಲಕಕ್ಕೆ ಸವರುತ್ತಿದ್ದಾರೆ! ಅಜ್ಜಿ ನಿಂತಲ್ಲಿಂದಲೇ ಕೂಗು ಹಾಕಿದರು. "ಬನ್ರೋ ಇಲ್ಲಿ! ಗಂಡಿನ ಕಡೆಯೋರು ಮಾಟ ಮಾಡ್ತಾವ್ರೆ!"

"ಮಾಟ ಅಲ್ಲ ಕಣವ್ವ. ನಾನು ಆಸ್ಪತ್ರೇಲಿ ಬ್ಯಾಕ್ಟೀರಿಯಾ ಪರೀಕ್ಷೆ ಮಾಡೋಳು. ಒಸಿ ನಿಮ್ ಚಿಲಕ ನೋಡ್ದೆ ಅಷ್ಟೆ," ಎಂದರು ಅತ್ತೆ, ಕಡ್ಡಿಯನ್ನು ಕೊಳವೆಗಿಳಿಸಿ ಮುಚ್ಚಳ ಹಾಕುತ್ತಾ.

"ನಮ್ ಚಿಲಕ ನೋಡಕ್ಕೆ ನೀನ್ ಯಾರವ್ವ? ಯಾರ ಪೈಕಿ ನೀನು?"

ಅಜ್ಜಿ ಈ ಪ್ರಶ್ನೆ ಕೇಳಬಾರದಿತ್ತು. ಕೇಳಿ ಕೆಟ್ಟರು! ಅತ್ತೆ ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತು ಸೋಲೂರಿನಿಂದ ಶುರುಮಾಡಿದರು. ಯಾರ ಮಗಳು, ಅವರ ತಾಯಿಯ ತವರು ಯಾವುದು, ಆ ತವರಿನ ಹೆಣ್ಣು ಎಲ್ಲಿಗೆ ಸೇರಿತು ಎಂದು ಒಂದೊಂದೇ ಮನೆ ದಾಟುತ್ತಾ ಬಂದು, ಕಾಫಿ ಬರುವಷ್ಟರಲ್ಲಿ ಆ ಅಜ್ಜಿಯನ್ನು ತಮ್ಮ ಅಜ್ಜಿಯ ಚಿಕ್ಕಮ್ಮನ ಮಗಳನ್ನಾಗಿ ಮಾಡಿಬಿಟ್ಟಿದ್ದರು. ಇಬ್ಬರೂ ಕೈ ಹಿಡಿದುಕೊಂಡು ಒಳಗೆ ಬಂದರು. ಸಂಬಂಧ ಕುದುರಿತು. ಕೆಲವು ದಿನ ಬಿಟ್ಟು ಅತ್ತೆ ಊಟಕ್ಕೆ ಕೂತಾಗ ತೀರ್ಪು ಕೊಟ್ಟರು. "ಅಣ್ಣ, ಚಿಲಕ ಚೆನ್ನಾಗೈತೆ. ಹೆಣ್ಣು ತರಬೋದು."

"ಹುಡುಗಿ ಹೆಂಗವ್ಳೆ?" ಎಂದರು ಅಪ್ಪ.

"ಹುಡುಗೀನ ನಾನೆಲ್ಲಿ ನೋಡ್ದೆ?"

ಮಾಗಡಿಯಿಂದ ಚನ್ನಪಟ್ಟಣದವರೆಗೆ ನಮ್ಮ ಕಡೆ ಯಾರ ಪೈಕಿ ಎಂದು ತಿಳಿಯದೆ ಮಾತು ಮುಂದಕ್ಕೆ ಹೋಗುವುದಿಲ್ಲ, ಸರಿ. ಬಸ್ಸಿನಲ್ಲಿ ಕಾಲು ತುಳಿದವನನ್ನೂ ಮೊದಲು ಯಾವೂರು, ಯಾರ ಮನೆ ಎಂದು ಕೇಳಿಯೇ ಆಮೇಲೆ ಬೈಯುತ್ತೇವೆ. ಆದರೆ ನಮ್ಮ ಅತ್ತೆಯದು ಚಟ. ಬಿಡದಿ, ಹಾರೋಹಳ್ಳಿ ಕಡೆಯೆಲ್ಲ ಕಾರ್ಖಾನೆಗಳು ಎದ್ದು, ಎಲ್ಲೆಲ್ಲಿಂದಲೋ ಜನ ಕೆಲಸಕ್ಕೆ ಬರುತ್ತಿದ್ದ ಕಾಲ ಅದು. ನಾನೂ ಅಂಥ ಒಂದು ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗುತ್ತಿದ್ದೆ. ಒಮ್ಮೆ ಬಸ್ಸಿನಲ್ಲಿ ಅತ್ತೆ ಪಕ್ಕದಲ್ಲಿ ಕೂತ ಬಿಹಾರದ ಯುವಕನನ್ನು ತಮಗೆ ಬರುವ ಹಿಂದಿಯಲ್ಲೇ ವಿಚಾರಿಸತೊಡಗಿದರು. ಅವನ ಸೋದರಮಾವ ಯಾರು, ಅವರಿಗೆ ಜಮೀನು ಎಷ್ಟು, ಅಕ್ಕನನ್ನು ಎಲ್ಲಿಗೆ ಕೊಟ್ಟಿದ್ದಾರೆ. ಪಾಪ, ಬಿಡದಿಯಲ್ಲಿ ಇಳಿಯುವ ಹೊತ್ತಿಗೆ ಅವನು ನಮಗೆ ದೂರದ ಭಾವಮೈದನಾಗಿದ್ದ!

ಈ ಚಟವೇ ಅತ್ತೆಗೆ ಹೊಟ್ಟೆಪಾಡಿನ ವಿದ್ಯೆಯೂ ಆಯಿತು. ಮದುವೆ ಬೇಡವೆಂದು ಓದಿ, ರಾಮನಗರದ ಒಂದು ಆಸ್ಪತ್ರೆಯ ಲ್ಯಾಬು ಸೇರಿ, ಅಣ್ಣನ ಮನೆಯಲ್ಲೇ ಉಳಿದವರು ಅವರು. ಯಾವ ಔಷಧಿಗೂ ಬಗ್ಗದ ಬ್ಯಾಕ್ಟೀರಿಯಾಗಳು ಆಸ್ಪತ್ರೆಗಳಲ್ಲಿ ಸೇರಿಕೊಳ್ಳುತ್ತವಲ್ಲ, ಅವುಗಳ ಮನೆತನ ವಿಚಾರಿಸುವುದು ಅವರ ಕೆಲಸ. ತಮಾಷೆಯಲ್ಲ, ನಿಜವಾಗಿಯೂ! ಅಪ್ಪ ಒಮ್ಮೆ ಕೇಳಿದ್ದರು. "ಹುಳ ಯಾವ್ದಾದ್ರೇನವ್ವ, ಸಾಯಂಗೆ ಔಷ್ದಿ ಕೊಟ್ರಾಯ್ತಪ್ಪ. ಅದ್ರ ವಂಶ ಕಟ್ಕೊಂಡ್ ಏನಾಗ್ಬೇಕು?"

"ಅಣ್ಣ, ನಮ್ ಬೀದೀಲಿ ಇಬ್ರು ಶಿವಣ್ಣ ಅವ್ರೆ. ಇಬ್ರಿಗೂ ಮೀಸೆ ಐತೆ. ಅಷ್ಟಕ್ಕೇ ಅಣ್ತಮ್ಮ ಅನ್ನಕ್ಕಾಯ್ತದಾ? ಹಂಗೇ ಇದೂವೆ. ಇಬ್ರು ರೋಗಿಗಳಲ್ಲಿ ಒಂದೇ ಹೆಸ್ರಿನ ಹುಳ ಸಿಕ್ತದೆ, ಒಂದೇ ಔಷ್ದಿಗೆ ಎರಡೂ ಸಾಯಲ್ಲ. ಅದು ಈ ಹಾಸ್ಗೆಯಿಂದ ಆ ಹಾಸ್ಗೆಗೆ ಹೋಯ್ತಾ, ಇಲ್ಲ ಇಬ್ರೂ ಬೇರೆಬೇರೆ ಕಡೆಯಿಂದ ತಂದ್ರಾ? ಡಿಎನ್ಎ ನೋಡ್ಬೇಕು. ಅದನ್ನ ಕತ್ತರಿಸಿ ಕರೆಂಟಲ್ಲಿ ಓಡಿಸಿದ್ರೆ ಪಟ್ಟೆಪಟ್ಟೆಯಾಗಿ ನಿಲ್ತದೆ. ಪಟ್ಟೆ ಒಂದೇ ಆದ್ರೆ ಮನೆ ಒಂದೇ. ಆವಾಗ ಎಲ್ಲಿಂದ ಹೊರಟಿದ್ದು ಅಂತ ಹುಡುಕಿ ಬಾಗಿಲು ಹಾಕ್ಬೋದು."

ಅಂಥ ಯಂತ್ರ ನಮ್ಮೂರಲ್ಲಿ ಎಲ್ಲಿರಬೇಕು? ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಯಲ್ಲಿ ಅತ್ತೆಯ ಜೊತೆ ಓದಿದವರೊಬ್ಬರು ಇದ್ದರು. ಮೇಲೆ ಮೇಲೆ ಡಬ್ಬಿ ಹಾಕಿ, ಸೀಲು ಮಾಡಿ, ಐಸ್ ಪೆಟ್ಟಿಗೆಯಲ್ಲಿಟ್ಟು, ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಒಂದು ದಿನ ಎದುರು ಕೂತವರು ಕೇಳಿದರಂತೆ. "ಏನವ್ವ, ಪೆಟ್ಟಿಗೇಲಿ ಮೀನಾ?"

"ಅಲ್ಲ, ನ್ಯುಮೋನಿಯಾ," ಎಂದರಂತೆ ಅತ್ತೆ.

ಆಮೇಲೆ ಆ ರೈಲಿನಲ್ಲಿ ಅತ್ತೆಗೆ ಸೀಟಿನ ತೊಂದರೆ ಬರಲಿಲ್ಲ. ಕಾಲು ಚಾಚಿಕೊಂಡೇ ಹೋಗಿ ಬರುತ್ತಿದ್ದರು.

ಟಗರಿನ ವಿಷಯ ಹೇಳದಿದ್ದರೆ ಅತ್ತೆಯ ಕಥೆ ಪೂರ್ತಿಯಾಗುವುದಿಲ್ಲ. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಕುರಿಯ ರಕ್ತ ಬೇಕು. ಹಾಗೆಂದು ಅತ್ತೆ ಒಂದು ಟಗರನ್ನೇ ತಂದು ನಮ್ಮ ಹಿತ್ತಲಲ್ಲಿ ಕಟ್ಟಿದರು. ಆಗಾಗ ಪಶುವೈದ್ಯರು ಬಂದು ಅದರ ಕತ್ತಿನಿಂದ ಸ್ವಲ್ಪ ರಕ್ತ ತೆಗೆಯುತ್ತಿದ್ದರು, ಅದು ಒಮ್ಮೆ ತಲೆ ಕೊಡವಿ ಮತ್ತೆ ಹುರುಳಿ ತಿನ್ನುತ್ತಿತ್ತು. ಮನೆಗೆ ಬಂದ ನೆಂಟರೆಲ್ಲ ಮೊದಲು ಹಿತ್ತಲಿಗೆ ಹೋಗಿ ಅದರ ಬೆನ್ನು ಅಮುಕಿ ನೋಡಿ ಬರುತ್ತಿದ್ದರು. ಮರಳವಾಡಿ ಚಿಕ್ಕಪ್ಪನಂತೂ ಹಿರಿಯರಿಗೆ ಮಾಂಸದ ಎಡೆ ಇಡುವ ಪಿತೃಪಕ್ಷ ಹತ್ತಿರ ಬಂದರೆ ವಾರಕ್ಕೊಮ್ಮೆ ಹಾಜರು.

"ಒಳ್ಳೆ ಮೈ ಹಿಡ್ಕಂಡೈತೆ. ಹಿರೀಕ್ರೂ ಕಾಯ್ತಾವ್ರೆ," ಎಂದು ಅತ್ತೆಯ ಮುಖ ನೋಡುತ್ತಿದ್ದರು.

"ಅಣ್ಣ, ಅದು ನಮ್ಮಾಸ್ಪತ್ರೆ ಸ್ಟಾಫು."

"ಸ್ಟಾಫಾದ್ರೇನು, ರಿಟೈರ್ ಆಗ್ಲೇಬೇಕಲ್ವಾ? ಆವಾಗ್ಲೇ ನೋಡನ ಬುಡು."

ಅತ್ತೆ ಬಿಡಲಿಲ್ಲ. ನಮ್ಮ ವಂಶದಲ್ಲಿ ಮುದಿಯಾಗಿ, ಹಲ್ಲು ಬಿದ್ದು, ಸಹಜವಾಗಿ ಸತ್ತ ಟಗರು ಅದೊಂದೇ ಇರಬೇಕು. ಚಿಕ್ಕಪ್ಪ ಅದರ ಮಣ್ಣಿಗೆ ಬಂದು ನಿಜವಾಗಿಯೂ ಕಣ್ಣೀರು ಹಾಕಿದರು.

ಅಮ್ಮನಿಗೂ ಅತ್ತೆಗೂ ಮಾತ್ರ ಎಣ್ಣೆ ಸೀಗೆಕಾಯಿ. ಆಸ್ಪತ್ರೆಯಲ್ಲಿ ಕರೆಂಟು ಹೋದಾಗಲೆಲ್ಲ ಅತ್ತೆ ಆ ರಕ್ತದ ತಟ್ಟೆಗಳನ್ನು ತಂದು ನಮ್ಮ ಫ್ರಿಜ್ಜಿನಲ್ಲಿಡುತ್ತಿದ್ದರು. ಅಮ್ಮ ಒಂದು ದಿನ ಬಾಗಿಲು ತೆಗೆದು ಕಿರುಚಿದಳು. "ಮೊಸ್ರು ಪಕ್ಕದಲ್ಲಿ ರಕ್ತ ಮಡಗವ್ಳಲ್ಲಪ್ಪ! ಹುಳ ಎಲ್ಲಾ ಮೊಸ್ರಿಗೆ ಬಂದ್ರೆ?"

"ಅತ್ತಿಗೆ, ನನ್ ತಟ್ಟೇಲಿ ಒಂದು ಹುಳಾನೂ ಇಲ್ಲ, ಎಲ್ಲಾ ಹೊಸವು. ಕೋಟಿಗಟ್ಲೆ ಇರೋದು ನಿಮ್ ಮೊಸ್ರಲ್ಲಿ. ಅವು ನನ್ ತಟ್ಟೆಗೆ ಬಂದ್ರೆ ಅನ್ನೋ ಭಯ ನಂಗೆ!"

ಅಮ್ಮ ಎಷ್ಟೋ ದಿನ ಮೊಸರು ಮುಟ್ಟಲಿಲ್ಲ. ಆ ಸಿಟ್ಟಿಗೆ ಅತ್ತೆಗೂ ಬಡಿಸಲಿಲ್ಲ. ಇಬ್ಬರೂ ಮಾತು ಬಿಟ್ಟರೆ ಸಂದೇಶಗಳನ್ನು ನನ್ನ ಮೂಲಕ ಕಳಿಸುತ್ತಿದ್ದರು. ಒಂದೇ ಅಡುಗೆಮನೆಯಲ್ಲಿ ನಿಂತು, "ಉಪ್ಪು ಕಮ್ಮಿ ಅಂತ ನಿಮ್ಮಮ್ಮಂಗೆ ಹೇಳು" ಎಂದರೆ ನಾನು ಅಮ್ಮನ ಕಡೆ ತಿರುಗಿ ಅದನ್ನೇ ಮತ್ತೆ ಹೇಳಬೇಕಿತ್ತು.

ಹೀಗಿರುವಾಗ ನನ್ನ ಹೆಂಡತಿಗೆ ಅತ್ತೆಯ ಆಸ್ಪತ್ರೆಯಲ್ಲೇ ಸಿಸೇರಿಯನ್ ಆಗಿ ಹೆಣ್ಣುಮಗು ಹುಟ್ಟಿತು. ಮೊದಲ ನಾಲ್ಕು ದಿನ ಸಂಭ್ರಮವೋ ಸಂಭ್ರಮ. ಆಮೇಲೆ ಮಗು ಹಾಲು ಕುಡಿಯುವುದು ಬಿಟ್ಟಿತು. ಮೈ ಕಾದ ಹಂಚು. ಪಕ್ಕದ ಹಾಸಿಗೆಯ ಮಗುವಿಗೂ ಹಾಗೇ ಆಯಿತು, ಅದರಾಚೆಯದಕ್ಕೂ. ಒಂದು ಔಷಧಿ ಕೊಟ್ಟರು, ಜ್ವರ ಇಳಿಯಲಿಲ್ಲ. ಇನ್ನೊಂದು ಕೊಟ್ಟರು, ಅದಕ್ಕೂ ಇಳಿಯಲಿಲ್ಲ. ಅತ್ತೆ ಮಕ್ಕಳ ರಕ್ತ ಪರೀಕ್ಷೆ ಮಾಡಿ ಬಂದು ನನ್ನ ಹತ್ತಿರ ನಿಂತರು. "ಔಷ್ದಿಗೆ ಬಗ್ಗದ ಹುಳಾನೇ ಕಣೋ. ಯಾವ್ದಕ್ಕೆ ಬಗ್ತದೆ ಅಂತ ನೋಡ್ತೀನಿ," ಎಂದು ಮತ್ತೆ ಲ್ಯಾಬಿಗೆ ಓಡಿದರು.

ದೊಡ್ಡ ಡಾಕ್ಟರಿಗೆ ಕಾರಣ ಆಗಲೇ ಸಿಕ್ಕಿತ್ತು. ಮಕ್ಕಳಿಗೆಲ್ಲ ಸ್ನಾನ ಮಾಡಿಸುತ್ತಿದ್ದ ಆಯಾ ಪುಟ್ಟತಾಯಮ್ಮ. ಚನ್ನಪಟ್ಟಣದ ಕಡೆಯ ಹೆಂಗಸು, ವಾರ್ಡಿನ ಅರ್ಧ ತಾಯಂದಿರು ಅವಳನ್ನೇ ಅವ್ವ ಎನ್ನುತ್ತಿದ್ದರು. ಅವಳ ಕೈಯನ್ನು ಪರೀಕ್ಷೆ ಮಾಡಿದಾಗ ಮಕ್ಕಳ ರಕ್ತದಲ್ಲಿ ಸಿಕ್ಕ ಅದೇ ಹೆಸರಿನ ಬ್ಯಾಕ್ಟೀರಿಯಾ ಸಿಕ್ಕಿತು, ಅದೇ ಔಷಧಿಗಳಿಗೆ ಬಗ್ಗದಂಥದ್ದು. ಇನ್ನೇನು ಬೇಕು? ಕೆಲಸದಿಂದ ತೆಗೆಯುವುದೆಂದು ತೀರ್ಮಾನವಾಯಿತು. ಅವಳು ವರಾಂಡದಲ್ಲಿ ಗೋಡೆಗೆ ಒರಗಿ ಕೂತು ಅತ್ತೆಯ ಸೆರಗು ಹಿಡಿದುಕೊಂಡಳು. "ಕೆಲ್ಸ ಹೋದ್ರೆ ಹೋಗ್ಲಿ ಕಣವ್ವ, ಎಲ್ಲಾದ್ರೂ ಕೂಲಿ ಮಾಡ್ಕತೀನಿ. ಎತ್ತಾಡ್ಸಿದ್ ಮಕ್ಳಿಗೇ ಕಾಯ್ಲೆ ಹಚ್ಚಿದ್ಲು ಅಂದ್ರೆ ನಾನ್ ಹೆಂಗವ್ವ ಬದುಕ್ಲಿ?"

ಅತ್ತೆ ನೇರವಾಗಿ ದೊಡ್ಡ ಡಾಕ್ಟರ ಕೋಣೆಗೆ ಹೋದರು. "ಹೆಸರು ಒಂದೇ ಇದೆ ಸಾರ್, ಮನೆ ಒಂದೇನಾ ಅಂತ ನಾನಿನ್ನೂ ನೋಡಿಲ್ಲ. ನೋಡೋವರೆಗೂ ಅವಳನ್ನ ಕಳಿಸಬೇಡಿ."

ಡಾಕ್ಟರು ಅರೆಮನಸ್ಸಿನಿಂದ ಒಪ್ಪಿದರು. ಆಮೇಲೆ ನೋಡಬೇಕಿತ್ತು ಅತ್ತೆಯ ಅವತಾರ! ನಲ್ಲಿ, ಸಿಂಕು, ತೂಕದ ತಟ್ಟೆ, ನರ್ಸುಗಳ ಕೈ, ಸ್ಟೆತಾಸ್ಕೋಪು, ಯಾವುದನ್ನೂ ಬಿಡದೆ ಕಡ್ಡಿ ಸವರಿದರು. ಕೊನೆಗೆ ದೊಡ್ಡ ಡಾಕ್ಟರ ಮುಂದೆಯೂ ಕಡ್ಡಿ ಹಿಡಿದು ನಿಂತರು.

"ನನ್ನದೂನಾ?" ಎಂದರು ಅವರು.

"ಕೈ ಚಾಚಿ ಸಾರ್. ಎಲ್ಲರನ್ನೂ ಕೇಳಿದೀನಿ, ನಿಮ್ಮೊಬ್ಬರನ್ನ ಬಿಟ್ಟರೆ ಚೆನ್ನಾಗಿರಲ್ಲ."

ಪೆಟ್ಟಿಗೆ ಬೆಂಗಳೂರಿಗೆ ಹೋಯಿತು. ಅತ್ತೆ ಅಲ್ಲೇ ಉಳಿದು, ಫಲಿತಾಂಶದ ಫೋಟೋ ಹಿಡಿದುಕೊಂಡೇ ಬಂದರು. ಊಟದ ಹೊತ್ತಿಗೆ ಅದನ್ನು ಹರಡಿಕೊಂಡು ಕೂತಾಗ ಅಮ್ಮ ಬಗ್ಗಿ ನೋಡಿದಳು. "ಇದೇನ್ಲಾ ಮಗ, ಪಟಾಪಟಿ ಚಡ್ಡಿ ಬಟ್ಟೆ ತಂದವ್ಳೆ?" ಎಂದು ನನ್ನನ್ನು ಕೇಳಿದಳು. ಅತ್ತೆಗೆ ಜಗಳವಾಡಲೂ ಪುರುಸೊತ್ತಿರಲಿಲ್ಲ. ನಮ್ಮ ಮಗುವಿನದು, ಪಕ್ಕದ ಮಗುವಿನದು, ಉಳಿದ ಮಕ್ಕಳದು ಎಲ್ಲದರ ಪಟ್ಟೆಯೂ ಒಂದೇ. ಪುಟ್ಟತಾಯಮ್ಮನ ಕೈಯದು ಬೇರೆಯೇ! ವಾರ್ಡಿನ ಮೂಲೆಯ ಸಿಂಕಿನದು ಮಾತ್ರ ಮಕ್ಕಳದಕ್ಕೆ ಗೆರೆಗೆ ಗೆರೆ ಹೊಂದುತ್ತಿತ್ತು. ಹುಳದ ಊರು ಸಿಕ್ಕಿತು. ಆದರೆ ಆ ಸಿಂಕಿನ ಹತ್ತಿರ ಯಾವ ಮಗುವನ್ನೂ ಒಯ್ಯುವುದಿಲ್ಲ. ಅಲ್ಲಿಂದ ಮಕ್ಕಳ ಬಾಯಿಗೆ ಅದು ಬಂದದ್ದು ಹೇಗೆ?

ಬಾಣಂತಿಯರ ಜೊತೆಗಿದ್ದ ಅಜ್ಜಿಯರನ್ನು ಡಾಕ್ಟರು ಆಗಲೇ ಕೇಳಿದ್ದರು. ಎಲ್ಲರದೂ ಒಂದೇ ಉತ್ತರ, ಎದೆಹಾಲು ಬಿಟ್ಟರೆ ತೊಟ್ಟು ನೀರೂ ಹಾಕಿಲ್ಲ. ಅತ್ತೆ ಬಿಳಿ ಕೋಟು ಬಿಚ್ಚಿಟ್ಟು, ಎಲೆ ಅಡಿಕೆ ತೆಗೆದುಕೊಂಡು ಹೋಗಿ ಅವರ ಮಧ್ಯೆ ಚಾಪೆಯ ಮೇಲೆ ಕೂತರು. "ಯಾರ ಪೈಕಿ ನೀವು?" ಎಂದು ಶುರುಮಾಡಿದರು, ಸಂಜೆಯ ಹೊತ್ತಿಗೆ ವಾರ್ಡಿಗೆ ವಾರ್ಡೇ ನೆಂಟರ ಮನೆಯಾಗಿತ್ತು. ನಾನು ಕಾಫಿ ಫ್ಲಾಸ್ಕು ಹಿಡಿದುಕೊಂಡು ಹೋದಾಗ ಮಾಗಡಿಯ ಅಜ್ಜಿಯೊಬ್ಬರು ಹೇಳುತ್ತಿದ್ದರು. "ಬಜೆ ಮಾತ್ರ ಒಸಿ ತೇದು ನೆಕ್ಕಿಸ್ದೊ ಕಣವ್ವ. ಅದೇನ್ ಊಟ ಅಲ್ವಲ್ಲ, ಅದ್ಕೇ ಡಾಕ್ಟ್ರಿಗೆ ಹೇಳ್ಲಿಲ್ಲ."

ನಮ್ಮ ಕಡೆ ಬಜೆ ನೆಕ್ಕಿಸದೆ ಯಾವ ಮಗು ಬೆಳೆದಿದೆ ಹೇಳಿ? ಎಳೆಮಗುವಿಗೆ ಹೊಟ್ಟೆನೋವು ಬಾರದಿರಲಿ, ಮಾತು ಚೆನ್ನಾಗಿ ಬರಲಿ ಎಂದು ಬಜೆಯ ಬೇರನ್ನು ಕಲ್ಲಿನ ಮೇಲೆ ತೇದು ನಾಲಿಗೆಗೆ ಸವರುತ್ತಾರೆ. ವಾರ್ಡಿನಲ್ಲಿ ಇದ್ದದ್ದು ಒಂದೇ ಬಜೆಕಲ್ಲು. ಅದು ಹಾಸಿಗೆಯಿಂದ ಹಾಸಿಗೆಗೆ ಎರವಲು ಹೋಗುತ್ತಿತ್ತು. ಮೂಲೆಯ ಸಿಂಕಿನಲ್ಲಿ ತೊಳೆದು, ಒದ್ದೆಯಲ್ಲೇ ಪ್ಲಾಸ್ಟಿಕ್ ಕವರಿಗೆ ಸುತ್ತಿ, ನರ್ಸು ಬಂದರೆ ದಿಂಬಿನ ಅಡಿಗೆ.

"ಕಲ್ಲು ಯಾರದು?" ಎಂದರು ಅತ್ತೆ.

"ಇದೊಳ್ಳೆ ಕಥೆಯಾಯ್ತು! ನಿಮ್ಮತ್ತಿಗೆದೇ. ಎಲ್ರ ಮಕ್ಳೂ ನಮ್ ಮಕ್ಳಂಗೇ ಅಂತ ಕೊಟ್ಟವ್ರೆ, ಪುಣ್ಯಾತ್ಗಿತ್ತಿ."

ಅತ್ತೆಯ ಅತ್ತಿಗೆ ಎಂದರೆ ನಮ್ಮಮ್ಮ! ಮಗುವಿನ ಚಿಂತೆ ಒಂದು ಕಡೆ, ಇನ್ನು ಮನೆಯಲ್ಲಿ ನಡೆಯುವ ಯುದ್ಧದ ಚಿಂತೆ ಇನ್ನೊಂದು ಕಡೆ. ಆದರೆ ಅತ್ತೆ ಕಲ್ಲನ್ನು ಡಬ್ಬಿಗೆ ಹಾಕಿಕೊಂಡು ಎದ್ದರು. ಮಾರನೆಯ ದಿನವೇ ಸಿಂಕು ಒಡೆಸಿ ಹಾಕಿದರು. ಯಾವ ಔಷಧಿಗೆ ಆ ಹುಳ ಬಗ್ಗಬಹುದೆಂದು ಅತ್ತೆ ಮೊದಲೇ ಪರೀಕ್ಷೆ ಮಾಡಿ ಹೇಳಿದ್ದರು, ಅದನ್ನು ತರಿಸಿ ಶುರುಮಾಡಿದ್ದರು. ನಮ್ಮ ಮಗುವಿನ ಜ್ವರ ಇಳಿಯಿತು, ಉಳಿದ ಮಕ್ಕಳದ್ದೂ ಇಳಿಯಿತು. ಹೊಸದಾಗಿ ಹುಟ್ಟಿದ ಯಾವ ಮಗುವಿಗೂ ಕಾಯಿಲೆ ಬರಲಿಲ್ಲ. ಮನೆಯಲ್ಲಿ ಅಮ್ಮ, "ನನ್ ಬಜೆಕಲ್ಲು ಯಾರೋ ಹೊಡ್ಕಂಡ್ ಹೋದ್ರು" ಎಂದು ಗೊಣಗುತ್ತಿದ್ದರೆ ಅತ್ತೆ ತಲೆ ಬಗ್ಗಿಸಿ ಮುದ್ದೆ ಮುರಿಯುತ್ತಿದ್ದರು. ಒಳ್ಳೆಯ ಮುಹೂರ್ತ ನೋಡಿ ಹೇಳೋಣವೆಂದು ಕಾಯುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ.

ಕಲ್ಲಿನ ಪಟ್ಟೆಯೂ ಬೆಂಗಳೂರಿನಿಂದ ಬಂತು, ಮಕ್ಕಳದೇ. ಅತ್ತೆ ಫೋಟೋಗಳನ್ನು ದೊಡ್ಡ ಡಾಕ್ಟರ ಮೇಜಿನ ಮೇಲೆ ಜೋಡಿಸಿಟ್ಟರು. ಮಗುವನ್ನು ಮನೆಗೆ ಕರೆದೊಯ್ಯುವ ದಿನ ಅದು, ಚೀಟಿ ಬರೆಸಲು ನಾನೂ ಅಲ್ಲೇ ನಿಂತಿದ್ದೆ. ಬಾಗಿಲಲ್ಲಿ ಪುಟ್ಟತಾಯಮ್ಮ, ಅವಳ ತೋಳಿನಲ್ಲಿ ಬಟ್ಟೆ ಸುತ್ತಿದ ನಮ್ಮ ಮಗು, ಅವಳ ಹಿಂದೆ ಅಮ್ಮ.

ಡಾಕ್ಟರು ಫೋಟೋ ನೋಡಿ ತಲೆಯಾಡಿಸಿದರು. "ಸರಿ, ಕಲ್ಲಿನಿಂದಲೇ ಬಂತು ಅಂತಿಟ್ಟುಕೊಳ್ಳೋಣ. ಆ ಕಲ್ಲು ತಂದವರು ಯಾರು? ಈ ಆಯಾನೇ ತಂದಿರಬಹುದಲ್ಲ? ಯಾರದು ಅಂತ ಗೊತ್ತಾಗದೆ ನಾನು ಇವಳನ್ನ ಹೇಗೆ ಉಳಿಸಿಕೊಳ್ಳಲಿ?"

ಪುಟ್ಟತಾಯಮ್ಮನ ಮುಖ ಬಿಳಿಚಿಕೊಂಡಿತು. ಅತ್ತೆ ಮೇಜು ಹಿಡಿದುಕೊಂಡರು. ಒಂದು ಕ್ಷಣ ಬಾಗಿಲ ಕಡೆ ನೋಡಿದರು.

"ಕಲ್ಲು ನಂದು ಸಾರ್," ಎಂದರು.

ಡಾಕ್ಟರು ಕನ್ನಡಕ ತೆಗೆದರು. "ನೀವಾ? ಮೈಕ್ರೋಬಯಾಲಜಿಸ್ಟು! ಬಜೆ ನೆಕ್ಕಿಸಿದಿರಾ?"

"ಮನೆ ಮಗು ಅಲ್ವಾ ಸಾರ್. ಆಸೆಗೆ ತಂದೆ," ಎಂದು ಅತ್ತೆ ತಲೆ ತಗ್ಗಿಸಿದರು. ಜೀವಮಾನವಿಡೀ ಸಂಪಾದಿಸಿದ ಮರ್ಯಾದೆಯನ್ನು ಅವರು ಆ ಮೇಜಿನ ಮೇಲೆ ಇಟ್ಟುಬಿಟ್ಟರು.

"ಸುಳ್ಳು!" ಬಾಗಿಲಿನಿಂದ ಅಮ್ಮ ನುಗ್ಗಿದಳು. "ನಂಬ್ಬೇಡಿ ಡಾಕ್ಟ್ರೇ! ಇವ್ಳಿಗೆ ಬಜೆ ಯಾವ್ದು ಶುಂಠಿ ಯಾವ್ದು ಅಂತ್ಲೇ ಗೊತ್ತಿಲ್ಲ. ಇವ್ಳೆಲ್ಲಿ ತೇದಾಳು? ಕಲ್ಲು ನಂದು. ನಮ್ಮವ್ವ ಕೊಟ್ಟಿದ್ದು."

"ಅತ್ತಿಗೆ, ನೀವ್ ಸುಮ್ಕಿರಿ. ನಂದು ಸಾರ್ ಅದು."

"ನೀನ್ ಸುಮ್ಕಿರಮ್ಮಿ! ನಂದು ಅಂತೀನಿ!"

"ನಂದು!"

ಇಷ್ಟು ವರ್ಷ ತಪ್ಪನ್ನು ಒಬ್ಬರ ಮೇಲೊಬ್ಬರು ಎಸೆದುಕೊಂಡು ಬಂದವರು, ಅಂದು ಒಂದೇ ತಪ್ಪಿಗೆ ಕಿತ್ತಾಡುತ್ತಿದ್ದರು! ಡಾಕ್ಟರು ಇಬ್ಬರನ್ನೂ ನೋಡಿದರು, ಕನ್ನಡಕ ಹಾಕಿಕೊಂಡರು. "ಯಾರದಾದರೂ ಆಗಲಿ, ಹೊರಗೆ ಹೋಗಿ ತೀರ್ಮಾನ ಮಾಡಿಕೊಳ್ಳಿ. ಪುಟ್ಟತಾಯಮ್ಮ, ನಾಳೆ ಬೆಳಿಗ್ಗೆ ಬೇಗ ಬಾ. ಮಕ್ಕಳ ಸ್ನಾನ ಆಗಬೇಕು."

ವರಾಂಡಕ್ಕೆ ಬಂದದ್ದೇ ಅಮ್ಮನ ರೋಷವೆಲ್ಲ ಇಳಿದುಹೋಯಿತು. ಬೆಂಚಿನ ಮೇಲೆ ಕುಸಿದು ಕೂತಳು. "ನನ್ ಕೈಯ್ಯಾರೆ ಮಕ್ಳಿಗೆ ವಿಷ ಹಾಕ್ಬುಟ್ನಲ್ಲೇ," ಎಂದು ಎರಡೂ ಕೈಗಳನ್ನು ಮಡಿಲಲ್ಲಿ ಅಡಗಿಸಿಕೊಂಡಳು.

"ಹುಳ ಹುಟ್ಟಿದ್ದು ನಮ್ಮಾಸ್ಪತ್ರೆ ಸಿಂಕಲ್ಲಿ ಅತ್ತಿಗೆ. ನೀವ್ ಕೊಟ್ಟಿದ್ದು ಬಜೆ," ಎಂದರು ಅತ್ತೆ, ಅವಳ ಪಕ್ಕದಲ್ಲಿ ಕೂರುತ್ತಾ.

ಪುಟ್ಟತಾಯಮ್ಮ ಅಳುತ್ತಲೇ ಬಂದು ಮಗುವನ್ನು ಅಮ್ಮನಿಗೆ ಚಾಚಿದಳು. ಅಮ್ಮ ಹಿಂದಕ್ಕೆ ಸರಿದಳು. "ಬ್ಯಾಡ, ಬ್ಯಾಡ. ತಾಳು, ಕೈ ತೊಳ್ಕಂಡ್ ಬತ್ತೀನಿ."

ಅತ್ತೆ ಮಗುವನ್ನು ಪುಟ್ಟತಾಯಮ್ಮನ ತೋಳಿನಿಂದ ಎತ್ತಿ, ಅಮ್ಮನ ಅಡಗಿಸಿಟ್ಟ ಕೈಗಳನ್ನು ಬಿಡಿಸಿ, ಅದರಲ್ಲಿ ಮಲಗಿಸಿದರು. ಅವರ ಕಣ್ಣಿನಲ್ಲಿ ನೀರಿತ್ತು.

"ಆಮೇಲೆ ತೊಳ್ಕೊಳ್ಳೋರಂತೆ ಅತ್ತಿಗೆ. ಮೊದ್ಲು ಮಗು ಎತ್ಕೊಳಿ," ಎಂದರು.